ಅಕಿ ನೋಡಿದ ಹಾವು

ರವಿವಾರ ಮುಂಜಾನೆ ಮುಖ ತೊಳೆಯಲು ಬಚ್ಚಲಕ್ಕೆ ಹೋದ ರತ್ನದೀಪ ಅಲ್ಲೇ ನಿಂತುಬಿಟ್ಟ. ನೆಲಕ್ಕೆ ಹಾಸಿದ ಎರಡು ಫರಸಿ ಕಲ್ಲುಗಳ ನಡುವಿನ ಸಂದಿಯಿಂದ ಹಾವು ಹೊರಗೆ ಬಂದಿತ್ತು.

ಹಾವು ಅಂದರೆ ಅದಕ್ಕೆ ಭಾಳ ಮರ್ಯಾದೆ ಕೊಟ್ಟಂತಾಯಿತು. ಗೇಣುದ್ದವೂ ಇಲ್ಲ, ಬೂಟಿನ ಲಾಡಿಗಿಂತ ದಪ್ಪವೂ ಇಲ್ಲ. ಎಣ್ಣೆ ಸವರಿದಂಥ ಕಪ್ಪು ಮೈ. ತಲೆ ಯಾವುದು, ಬಾಲ ಯಾವುದು ಅಂತ ತಿಳಿಯಬೇಕಾದರೆ ಅದು ಯಾವ ಕಡೆ ಹೊರಡುತ್ತದೆ ಅಂತ ಕಾದು ನೋಡಬೇಕು. ಕಣ್ಣಿನ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಎರಡು ಚುಕ್ಕೆ. ಬೆಳಕಾಯಿತು, ಕತ್ತಲಾಯಿತು ಅನ್ನುವಷ್ಟು ತಿಳಿದರೆ ಅದೇ ಹೆಚ್ಚು. ವಿಷವಿಲ್ಲ, ಹೆಡೆಯಿಲ್ಲ, ಬುಸ್ ಅನ್ನುವ ತಾಕತ್ತೂ ಇಲ್ಲ. ಫರಸಿಯ ಕೆಳಗಿನ ಹಸಿ ಮಣ್ಣಿನಲ್ಲಿ ಇರುವೆ, ಗೆದ್ದಲುಗಳ ತತ್ತಿ ತಿಂದುಕೊಂಡು, ಯಾರ ಗೊಡವೆಗೂ ಹೋಗದೆ ಬದುಕುವ ಕುರುಡು ಹಾವು. ಮಳೆ ಜೋರಾಗಿ ಮಣ್ಣಿನೊಳಗೆ ನೀರು ತುಂಬಿದಾಗ ಮೇಲೆ ಬರುತ್ತದೆ, ನೀರು ಇಳಿದರೆ ಕೆಳಗೆ ಹೋಗುತ್ತದೆ. ಮತ್ತೇನೂ ತಂಟೆ ಇಲ್ಲ.

ಇಂಥ ಬಡಪಾಯಿ ಹಾವಿನ ಹೆಸರಿನಲ್ಲಿ ರತ್ನದೀಪನ ಸಂಸಾರ ಎರಡು ಊರಾಗಿತ್ತು. ತೊಗರಿ ಬಿತ್ತುವ ಹೊತ್ತಿನಲ್ಲಿ ಹೆಂಡತಿ ಕರುಣಾ ಒಂದು ದಿನ ಮಗಳಿಗೆ ನೀರು ಎರೆಯುತ್ತಿದ್ದಾಗ ಇದನ್ನು ಕಂಡಳು. ಮರುದಿನ ಮುಂಜಾನೆ "ಈ ಮನ್ಯಾಗ ಹಾವು ಅದ, ನಾ ಇರಂಗಿಲ್ಲ" ಅಂದಳು. ಪುಟ್ಟ ಲುಂಬಿನಿಯನ್ನು ಕಂಕುಳಲ್ಲಿ ಎತ್ತಿಕೊಂಡು ಸೇಡಂನ ತವರಿಗೆ ಹೋದವಳು, ಹೊಲದಲ್ಲಿ ತೊಗರಿ ಎದೆಮಟ್ಟ ಬಂದು ಹೂವಾದರೂ ತಿರುಗಿ ಬಂದಿರಲಿಲ್ಲ. ಹಗ್ಗದ ಮೇಲೆ ಲುಂಬಿನಿಯ ಹಳದಿ ಫ್ರಾಕೊಂದು ಹಾಗೇ ತೂಗುತ್ತಿತ್ತು. ಕಲ್ಲು ಪಾಲಿಶ್ ಮಾಡುವ ಮಶೀನುಗಳ ಬಿಳಿ ಧೂಳು ಕೂತು ಕೂತು ಅದು ಹಳದಿ ಅನ್ನುವುದೂ ಮರೆತುಹೋಗಿತ್ತು. ರತ್ನದೀಪ ಅದನ್ನು ಒಗೆಯಲೂ ಇಲ್ಲ, ತೆಗೆದಿಡಲೂ ಇಲ್ಲ. ರಾತ್ರಿ ಊಟಕ್ಕೆ ಅದಕ್ಕೆ ಬೆನ್ನು ಮಾಡಿ ಕೂಡುತ್ತಿದ್ದ.

ನಿನ್ನೆ ಕರುಣಾಳ ಅಣ್ಣ ಸುರೇಶಕುಮಾರ ಫೋನು ಮಾಡಿದ್ದ. "ನೋಡಪಾ ರತ್ನದೀಪ, ನಾಳೆ ಸಂಜಿಮುಂದ ಅಕಿನ್ನ ಕರ್ಕೊಂಡು ಬರ್ತೀನಿ. ಅಕಿ ಕಣ್ಣಾರೆ ಮನಿ ನೋಡ್ತಾಳಂತ. ಮನಸಿಗೆ ಬಂತು ಅಂದ್ರ ಅಲ್ಲೇ ಇರ್ತಾಳ. ಬರಲಿಲ್ಲ ಅಂದ್ರ ಮುಂದ ನಾ ನಡುವ ಬರಂಗಿಲ್ಲ, ನೀ ಉಂಟು ಅಕಿ ಉಂಟು. ನನಗೂ ಸಾಕಾಗ್ಯದ."

ಅದಕ್ಕೇ ರತ್ನದೀಪ ರಾತ್ರಿಯೆಲ್ಲ ಮನೆ ಗುಡಿಸಿ, ಒರೆಸಿ, ಪಾತ್ರೆ ತಿಕ್ಕಿ ಇಟ್ಟಿದ್ದ. ಸಂದಿ ಇದ್ದಲ್ಲೆಲ್ಲ ಸಿಮೆಂಟು ಮೆತ್ತಿದ್ದ. ಬಚ್ಚಲದ ಮೂಲೆಯ ಈ ಒಂದು ಸಂದಿ ಅವನ ಕಣ್ಣು ತಪ್ಪಿಸಿತ್ತು. ಆದರೂ ಕೆಟ್ಟದ್ದೇನೂ ಆಗಿರಲಿಲ್ಲ. ಒಂದು ಕಾಗದದ ಮೇಲೆ ಎತ್ತಿಕೊಂಡು ಹಿತ್ತಲ ಬೇವಿನ ಬುಡಕ್ಕೆ ಬಿಟ್ಟು ಬಂದಿದ್ದರೆ ಚಾ ಕುದಿಯುವಷ್ಟರಲ್ಲಿ ಎಲ್ಲಾ ಮುಗಿಯುತ್ತಿತ್ತು. ನಸೀಬು ನೋಡಿ, ಅವನು ಬಾಯಿಬಿಟ್ಟ.

"ಇವತ್ತೇ ಬರಬೇಕಿತ್ತಾ ನೀನು?" ಅಂದ ಹಾವಿಗೆ.

"ಯಾರು ಬಂದಾರೋ ತಮ್ಮಾ?" ಅಂತ ಗೋಡೆಯ ಮೇಲಿಂದ ದನಿ ಬಂತು.

ಇಲ್ಲೊಂದು ಮಾತು ಹೇಳಬೇಕು. ಶಹಾಬಾದಿನ ಪಾಲಿಶ್ ಕಾರಖಾನೆಗಳ ಹಿಂದೆ ಇರುವ ಈ ಸಾಲುಮನೆಗಳ ನಡುವಿನ ಗೋಡೆಗಳು ತಲೆಯ ಮೇಲಿನ ಮಾಳಿಗೆಗೆ ಮುಟ್ಟಿಲ್ಲ. ಯಾಕೆ ಮುಟ್ಟಿಲ್ಲ ಅಂದರೆ ಕಟ್ಟಿದವನನ್ನೇ ಕೇಳಬೇಕು, ಅವನು ಈಗಿಲ್ಲ. ಹೀಗಾಗಿ ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯಲ್ಲಿ ಮದ್ದು ಹೇಳುತ್ತಾರೆ. ಬಾಗಿಲು ಇದ್ದಾವೆ, ಮುಚ್ಚುವ ರೂಢಿ ಇಲ್ಲ. ಹಗಲಲ್ಲಿ ಯಾರಾದರೂ ಬಾಗಿಲು ಮುಚ್ಚಿದರೆ ಒಳಗೆ ಯಾರಿಗೋ ಏನೋ ಆಗಿದೆ ಅಂತ ಬಡಿದು ತೆಗೆಸುತ್ತಾರೆ.

ದಾನಮ್ಮ ಬಂದೇಬಿಟ್ಟಳು. ಎಡಮನೆಯ ಹಿರಿಯಾಕೆ, ಕರುಣಾ ಹೋದಾಗಿನಿಂದ ದಿನಾ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಇಟ್ಟು, ತಿನ್ನುವತನಕ ಎದುರಿಗೇ ಕುಕ್ಕರಗಾಲಲ್ಲಿ ಕೂತು ನೋಡುವವಳು. ಬಚ್ಚಲಲ್ಲಿ ಇಣುಕಿದಳು, ಹಾವು ಕಂಡಳು, "ಯಪ್ಪಾ ಶಿವನೇ!" ಅಂತ ಕೂಗಿದಳು. ಆ ಕೂಗಿಗೆ ಹಾವು ಹೆದರಿ ಸಂದಿಯೊಳಗೆ ಹೋಯಿತು. ಸಾಲಿನ ಮಂದಿ ಹೊರಗೆ ಬಂದರು.

"ದಾನಮ್ಮಾಯಿ, ಏನಿಲ್ರಿ, ಎರಿಹುಳ" ಅಂದ ರತ್ನದೀಪ.

"ನನಗ ಎರಿಹುಳ ತಿಳಿಯಂಗಿಲ್ಲೇನು? ಇದು ಕಿವ್ಯಾಗ ಹೋಗೂ ಹಾವು! ಮಲಗಿದಾಗ ಕಿವ್ಯಾಗ ಸೇರಿ ಮೆದುಳಿನ ತನಾ ಹೋಗ್ತದ. ಇವತ್ತ ನಮ್ಮ ಕರುಣಾ ಬರ್ತಾಳ, ಕೂಸು ಬರ್ತದ. ಬಿಡ್ತೀವೇನು ನಾವು?"

"ಬೇಡ್ರಿ, ನಾನೇ…"

"ನೀ ಸುಮ್ಕಿರು. ನಿನ್ನ ಕೈಲೆ ಏನಾಗ್ತದ?"

ಅದು ಮಾತ್ರ ನಿಜವೇ ಇತ್ತು. ರತ್ನದೀಪ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಮೈಕಿನ ಮುಂದೆ ಕೂತರೆ ಅವನ ದನಿಗೆ ಚಿತ್ತಾಪುರದ ಬಸ್ಸು ಹಿಂದೆ ಸರಿಯುತ್ತದೆ, ವಾಡಿಯ ಬಸ್ಸು ಮುಂದೆ ಬರುತ್ತದೆ. ಆದರೆ ಮೈಕಿಲ್ಲದೆ ಎದುರಿಗೆ ನಿಂತ ಮನುಷ್ಯನಿಗೆ "ಬ್ಯಾಡ" ಅನ್ನಬೇಕಾದರೆ ನಾಲಿಗೆ ಏಳುವುದಿಲ್ಲ. ಎದುರಿನವರು ಪಾಪ ಬೇಜಾರು ಮಾಡಿಕೊಂಡಾರು ಅಂತ ಹೂಂ ಅಂದುಬಿಡುತ್ತಾನೆ. ಇದನ್ನು ಅವನು ಒಳ್ಳೆಯತನ ಅಂದುಕೊಂಡಿದ್ದ. ಕರುಣಾ ಏನಂದುಕೊಂಡಿದ್ದಳೋ ಅವನು ಕೇಳಿರಲಿಲ್ಲ.

ದಾನಮ್ಮ ಬಳ್ಳೊಳ್ಳಿ ಜಜ್ಜಿ, ಇಂಗು ಕಲಸಿ ಸಂದಿಗೆಲ್ಲ ಸುರಿದಳು. ಸಾಸಿವೆ, ಒಣ ಮೆಣಸಿನಕಾಯಿ ಕೆಂಡದ ಮೇಲೆ ಹಾಕಿ ಘಾಟು ಎಬ್ಬಿಸಿದಳು. ಹಾವು ಹೊರಗೆ ಬರಲಿಲ್ಲ. ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ಬಲಮನೆಯ ಅಶೋಕಕುಮಾರ ಮಾಸ್ತರರು ಒಳಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿ ಆದದ್ದು ನೌಕರಿಯಿಂದ ಮಾತ್ರ, ಕಲಿಸುವುದರಿಂದ ಅಲ್ಲ. ಮೊಬೈಲು ತೆಗೆದು ಹಾವಿನ ಚಿತ್ರ ಹುಡುಕಿ ಎಲ್ಲರಿಗೂ ತೋರಿಸಿದರು.

"ಅಂಜೂ ಕಾರಣ ಇಲ್ಲ. ಹೂವಿನ ಕುಂಡದ ಮಣ್ಣಿನಾಗ ಕುಂತು ದೇಶ ದೇಶ ತಿರುಗಿ ಬಂದ ಹಾವು ಇದು. ಇನ್ನೊಂದು ಮಜಾ ಕೇಳ್ರಿ. ಈ ಜಾತ್ಯಾಗ ಗಂಡೇ ಇಲ್ಲ. ಎಲ್ಲಾ ಹೆಣ್ಣ. ಒಂದು ಹೆಣ್ಣು ತಾನೇ ತತ್ತಿ ಇಡ್ತದ, ತಾನೇ ಮರಿ ಮಾಡ್ತದ. ಗಂಡಿನ ಜರೂರತ್ತೇ ಇಲ್ಲ."

"ಗಂಡ ಇಲ್ದೇ ಸಂಸಾರ?" ದಾನಮ್ಮ ಗಲ್ಲಕ್ಕೆ ಕೈ ಹಚ್ಚಿದಳು.

"ಭಾಳ ಆರಾಮ ನಡೀತದ" ಅಂದರು ಮಾಸ್ತರರು.

ಎಲ್ಲರೂ ಒಮ್ಮೆ ರತ್ನದೀಪನ ಮುಖ ನೋಡಿದರು, ಆಮೇಲೆ ನೋಡಬಾರದಿತ್ತು ಅಂತ ಮಾಳಿಗೆ ನೋಡಿದರು. ರತ್ನದೀಪನಿಗೆ ಸೇಡಂ ನೆನಪಾಯಿತು. ಫೋನಿನಲ್ಲಿ ಲುಂಬಿನಿ ಈಚೀಚೆಗೆ "ಅಪ್ಪಾ ಊಟ ಆಯ್ತಾ" ಅಂತ ಕೇಳುವುದನ್ನೂ ಬಿಟ್ಟಿದ್ದಳು. ಅಲ್ಲಿ ನಿಜವಾಗಿ ಆರಾಮವಾಗಿಯೇ ನಡೆದಿದೆಯೋ ಏನೋ ಅನ್ನಿಸಿತು.

"ಅಂದ್ರ ಒಂದು ಇತ್ತು ಅಂದ್ರ ಹತ್ತು ಅದಾವ!" ಅಂತ ದಾನಮ್ಮ ತೀರ್ಮಾನಿಸಿದಳು. "ಹಾಜಿಮಲಂಗನ್ನ ಕರೀರಿ."

ಹಾಜಿಮಲಂಗ್ ಸಾಲಿನ ಕಡೆಯ ಮನೆಯವನು, ಫರಸಿ ಹಾಸುವ ಮಿಸ್ತ್ರಿ. ಹೆಗಲ ಮೇಲೆ ಕಲ್ಲು ಮೀಟುವ ಕಬ್ಬಿಣದ ಹಾರಿ ಹೊತ್ತು ಬಂದ. ಹಾವು ಎಲ್ಲಿ ಅಂತ ಕೇಳಲಿಲ್ಲ. ಹೊಸ್ತಿಲು ದಾಟಿದವನೇ ಹಿಮ್ಮಡಿಯಿಂದ ನೆಲದ ಕಲ್ಲು ಬಡಿದು, ಕಿವಿಗೊಟ್ಟು ಕೇಳಿ, ಮುಖ ಹುಳ್ಳಗೆ ಮಾಡಿದ.

"ಕಂಟ್ರೋಲರ್ ಸಾಬ್, ಈ ಫರಸಿ ಯಾರು ಹಾಸ್ಯಾರ?"

"ಗೊತ್ತಿಲ್ರಿ, ನಾವು ಬರೂಕಿಂತ ಮೊದಲೇ…"

"ಕೆಳಗ ಪೋಲು ಅದ, ಬರೇ ಟೊಳ್ಳು. ಗರಸು ಮಣ್ಣು ಹಾಕಿ ಬಡದಿಲ್ಲ, ಹಸಿ ಮಣ್ಣಿನ ಮ್ಯಾಗ ಕಲ್ಲು ಇಟ್ಟು ಹೋಗ್ಯಾರ. ಇಂಥಲ್ಲಿ ಹಾವು ಅಲ್ಲ, ಆನಿನೂ ಇರ್ತದ."

ಇದು ಶಹಾಬಾದಿನವರ ಗುಣ. ಬೇರೆ ಊರಿನಲ್ಲಿ ಹಾವು ಅಂದರೆ ಮಂದಿ ಹಾವು ಹುಡುಕುತ್ತಾರೆ. ಇಲ್ಲಿ ನೆಲ ನೋಡುತ್ತಾರೆ. ಹುಟ್ಟಿದಾಗಿನಿಂದ ಕಲ್ಲಿನ ಧೂಳು ಕುಡಿದವರು. ಕಲ್ಲಿನ ವಿಷಯದಲ್ಲಿ ಇನ್ನೊಬ್ಬನಿಗೆ ಒಂದು ಮಾತು ಬಿಟ್ಟುಕೊಡುವವರು ಊರಲ್ಲಿ ಯಾರೂ ಇಲ್ಲ. ಮಾಸ್ತರರು ಚಪ್ಪಲಿ ಕಳಚಿ ಬರಿಗಾಲಿನಿಂದ ಕುಟ್ಟಿ ನೋಡಿದರು. ದಾನಮ್ಮ ಬೆರಳ ಗೆಣ್ಣಿನಿಂದ ಬಡಿದು ನೋಡಿದಳು. ಇದು ನಮ್ಮೂರ ಕಲ್ಲೇ ಅಲ್ಲ, ವಾಡಿ ಕಡೆಯದು ಅಂತ ಒಬ್ಬರು. ಬಣ್ಣ ನೋಡಿದರೆ ತಿಳಿಯುವುದಿಲ್ಲವೇ, ಸೇಡಂ ಕಡೆಯದು ಅಂತ ಇನ್ನೊಬ್ಬರು. ಹಾವಿನ ಮಾತು ಅಲ್ಲಿಗೆ ಹಿಂದೆ ಬಿತ್ತು.

"ಒಂದ್ ಕಲ್ಲು ಎಬ್ಬಿಸಿ ನೋಡೂಣು" ಅಂದ ಹಾಜಿಮಲಂಗ್.

"ಇರ್ಲಿ ಬಿಡ್ರಿ, ಸಂಜಿಮುಂದ ಅವರು ಬರ್ತಾರ…"

"ಅದಕ್ಕ ಅಲ್ಲೇನ್ರಿ ಸಾಬ್, ಇಷ್ಟು ಫಿಕರು ಮಾಡೂದು! ನಮ್ಮ ತಂಗಿ ಬರ್ತಾಳ. ಪೋಲು ನೆಲದ ಮ್ಯಾಗ ಅಕಿನ್ನ ಕಾಲಿಡಸ್ತೀರೇನು?"

ಹಾರಿ ಸಂದಿಗೆ ಬಿತ್ತು. ರಾತ್ರಿ ಮೆತ್ತಿದ ಸಿಮೆಂಟು ಹಪ್ಪಳದಂತೆ ಎದ್ದುಹೋಯಿತು. ಕಲ್ಲಿನ ಕೆಳಗೆ ತೇವದ ಕಪ್ಪು ಮಣ್ಣು, ಬೇರಿನ ನಾರು, ಓಡಾಡುವ ಗೆದ್ದಲು, ಅಕ್ಕಿನುಚ್ಚಿನಂಥ ತತ್ತಿಗಳು. ಹಾವಿಗೆ ಬೇಕಾದ ಊಟ, ನೆರಳು, ತಂಪು ಎಲ್ಲಾ ಇತ್ತು, ಹಾವು ಇರಲಿಲ್ಲ. "ಮುಂದಿನ ಕಲ್ಲಿನ ಕೆಳಗ ಹೋಗ್ಯದ" ಅಂದರು ಮಾಸ್ತರರು. ಮುಂದಿನ ಕಲ್ಲೂ ಎದ್ದಿತು. ಅದರ ಮುಂದಿನದೂ ಎದ್ದಿತು.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬಚ್ಚಲ ಹೋಗಿ ನಡುಮನೆ ಬಂದಿತ್ತು. ಮಂಚವನ್ನು ಅಂಗಳಕ್ಕೆ ಹಾಕಿದರು. ಟ್ರಂಕು, ಹಾಸಿಗೆ, ಟಿ.ವಿ. ಎಲ್ಲಾ ದಾನಮ್ಮನ ಮನೆಗೆ ಹೋದವು. ಹಗ್ಗದ ಮೇಲಿನ ಫ್ರಾಕನ್ನು ಯಾರೋ ಕೈ ಒರೆಸಿಕೊಳ್ಳಲು ತೆಗೆದುಕೊಂಡಿದ್ದರು. ರತ್ನದೀಪ ಕಸಿದು ಎದೆಗೆ ಒತ್ತಿಕೊಂಡ. ಅಷ್ಟು ಮಾಡಿದ್ದೇ ಅವತ್ತು ಅವನು ತೋರಿದ ದೊಡ್ಡ ಧೈರ್ಯ. ಮಧ್ಯಾಹ್ನದ ಊಟ ನಾಲ್ಕು ಮನೆಗಳಿಂದ ಇಲ್ಲಿಗೇ ಬಂತು. ಎಬ್ಬಿಸಿದ ಕಲ್ಲುಗಳನ್ನೇ ಹಲಗೆ ಮಾಡಿಕೊಂಡು ಕೂತು ಉಂಡರು. ಕರುಣಾ ಬಂದ ಮೇಲೆ ಅವಳನ್ನು ಹೇಗೆ ಮಾತಾಡಿಸಬೇಕು, ಏನು ಉಣಿಸಬೇಕು, ಲುಂಬಿನಿಯನ್ನು ಯಾವ ಶಾಲೆಗೆ ಹಾಕಬೇಕು, ಎರಡನೆಯ ಕೂಸು ಯಾವಾಗ ಆಗಬೇಕು ಎಲ್ಲಾ ಅಲ್ಲೇ ತೀರ್ಮಾನವಾಯಿತು. ರತ್ನದೀಪನ ಎಲೆಗೆ ಯಾರೋ ಚಟ್ನಿ ಬಡಿಸಿದರು.

ಆಗ ಮನೆಯ ಮಾಲೀಕ ಬಸವಂತರಾಯರು ಬಂದರು. ಅವರ ದನಿ ಅಂಗಳದಲ್ಲಿ ಕೇಳಿದಾಗ ರತ್ನದೀಪನಿಗೆ ಹೋದ ಜೀವ ಬಂದಂತಾಯಿತು. ತನ್ನ ಕೈಲಿ ಆಗದ್ದು ಇವರ ಕೈಲಿ ಆಗುತ್ತದೆ. ಬೈದು, ಕೂಗಾಡಿ, ಎಲ್ಲರನ್ನೂ ಹೊರಗೆ ಹಾಕುತ್ತಾರೆ. ತನ್ನನ್ನೂ ಬೈಯಲಿ, ಅಡ್ಡಿಯಿಲ್ಲ.

"ಯಾರ ಪರ್ಮಿಷನ್ ತಗೊಂಡು ನನ್ನ ನೆಲ ಎಬ್ಬಿಸೀರಿ? ಹಾಂ?" ಬಸವಂತರಾಯರು ಹೊಸ್ತಿಲಲ್ಲಿ ನಿಂತು ಗುಡುಗಿದರು. ಮಂದಿ ಗಪ್ಪಾದರು. ರಾಯರು ಒಂದು ಹೆಜ್ಜೆ ಒಳಗೆ ಇಟ್ಟರು. ಉಳಿದಿದ್ದ ಕಲ್ಲಿನ ಮೇಲೆ ಕಾಲು ಬಿತ್ತು. ಟೊಳ್ಳು ಸಪ್ಪಳ ಬಂತು. ರಾಯರು ನಿಂತರು. ಇನ್ನೊಂದು ಸಲ ಕುಟ್ಟಿದರು. ಬಗ್ಗಿ ಕಿವಿ ಹಚ್ಚಿದರು.

"ಏ ಹಾಜಿಮಲಂಗ್, ಅದನ್ಯಾಕ ಎಬ್ಬಿಸಿದಿ? ಪೋಲು ಇರೂದು ಇಲ್ಲಿ. ಇದನ್ನ ಎಬ್ಬಸು" ಅಂದವರೇ ಪಂಚೆ ಎತ್ತಿಕಟ್ಟಿದರು.

ರತ್ನದೀಪ ಗೋಡೆಗೆ ಒರಗಿ ಕೂತುಬಿಟ್ಟ.

ಹಾವು ಸಿಕ್ಕಿದ್ದು ಹೊತ್ತು ಇಳಿಯುವಾಗ, ಅದೂ ನೆಲದಡಿ ಅಲ್ಲ. ನೀರಿನ ಕೊಡಗಳನ್ನು ಇಟ್ಟಿದ್ದ ಮೂಲೆಯಲ್ಲಿ, ಕೊಡದ ಸಿಂಬಿಯ ಕೆಳಗೆ ಮುದುಡಿ ಕೂತಿತ್ತು. ಮುಂಜಾನೆಯೇ ಯಾವಾಗಲೋ ಸಂದಿ ಬಿಟ್ಟು ಅಲ್ಲಿ ಸೇರಿತ್ತು ಅಂತ ಕಾಣುತ್ತದೆ. ಹಾಜಿಮಲಂಗ್ ಹಿಡಿಯಲು ಹೋದರೆ ಬಾಲದ ತುದಿಯ ಮುಳ್ಳಿನಂಥದ್ದನ್ನು ಬೆರಳಿಗೆ ಒತ್ತಿತು. "ಕಚ್ಚಿತು!" ಅಂತ ಅವನು ಕೈಯಲ್ಲಿದ್ದ ಹಾರಿಯನ್ನು ಬಿಟ್ಟ, ಅದು ಅವನ ಕಾಲಿನ ಹೆಬ್ಬೆರಳಿನ ಮೇಲೇ ಬಿತ್ತು. ಉಗುರು ಕಪ್ಪಾಯಿತು. ಕಡೆಗೆ ಮಾಸ್ತರರು ಒಂದು ಕಾಗದದ ಮೇಲೆ ಎತ್ತಿ, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಇಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವಂತರಾಯರು ತಮ್ಮ ಮೊಬೈಲಿನಲ್ಲಿ ಬಾಟಲಿಯ ಜೊತೆ ಫೋಟೊ ತೆಗೆಸಿಕೊಂಡರು.

ರತ್ನದೀಪನಿಗೆ ಕಣ್ಣಲ್ಲಿ ನೀರು ಬಂತು. ಏನೇ ಆಗಲಿ, ಹಾವು ಸಿಕ್ಕಿತು. ಕರುಣಾಳಿಗೆ ತೋರಿಸಬಹುದು. "ಹಾಜಿಮಲಂಗ್ ಭಾಯಿ, ಇನ್ನ ಜಲ್ದಿ ಫರಸಿ ಹಾಕಿಬಿಡ್ರಿ" ಅಂದ.

"ಈಗೆಲ್ಲಿ ಸಾಬ್? ಮಣ್ಣು ಒಣಗಬೇಕು, ಗರಸು ತರಬೇಕು. ಹಸಿ ಮಣ್ಣಿನ ಮ್ಯಾಗ ಹಾಕಿದ್ರ ಮತ್ತ ಪೋಲು ಆಗ್ತದ."

"ಹಂಗಾದ್ರ… ನೀವೆಲ್ಲಾ ಮುಂಜಾನಿಂದ ದಣದೀರಿ. ಮನಿಗೆ ಹೋಗಿ…" ಅಂತ ರತ್ನದೀಪ ಶುರು ಮಾಡಿದ.

"ಹೋಗೂದಾ? ಕರುಣಾ ಬರೂ ಹೊತ್ತಿಗೆ?" ದಾನಮ್ಮನಿಗೆ ನಗು ಬಂತು. "ಹಾವು ಹಿಡದೀವಿ ಅಂತ ನೀ ಒಬ್ಬನೇ ಹೇಳಿದ್ರ ಅಕಿ ನಂಬ್ತಾಳೇನು? ನಾವು ಇರಬೇಕಪ್ಪಾ ಸಾಕ್ಷಿಗೆ."

ಅಷ್ಟರಲ್ಲಿ ಅಟೋ ಬಂದು ನಿಂತಿತು.

ಕರುಣಾ ಇಳಿದಳು. ಸ್ವಲ್ಪ ಬಡವಾಗಿದ್ದಳು, ಅಥವಾ ರತ್ನದೀಪನಿಗೆ ಹಾಗೆ ಕಂಡಿತು. ಹೆಗಲ ಮೇಲೆ ಲುಂಬಿನಿ ನಿದ್ದೆ ಮಾಡುತ್ತಿದ್ದಳು. ಹಿಂದೆ ಸುರೇಶಕುಮಾರ ದೊಡ್ಡದೊಂದು ಬ್ಯಾಗು ಇಳಿಸಿದ. ಬ್ಯಾಗು ಕಂಡು ರತ್ನದೀಪನಿಗೆ ಹಿಗ್ಗಾಯಿತು. ಇರುವ ಮನಸ್ಸಿನಿಂದಲೇ ಬಂದಿದ್ದಾಳೆ! ಅವನು ಎದುರಿಗೆ ಓಡಿದ; ಆದರೆ ದಾನಮ್ಮ ಮೊದಲು ಮುಟ್ಟಿದಳು. ಮಗುವಿನ ಗಲ್ಲ ಹಿಂಡಿದಳು, ಕರುಣಾಳ ರಟ್ಟೆ ಮುಟ್ಟಿ "ಎಷ್ಟು ಸೊರಗಿ ನನ್ನವ್ವಾ, ತವರಾಗ ಉಣ್ಣಾಕ ಕೊಡಲಿಲ್ಲೇನು?" ಅಂದಳು. ಸುರೇಶಕುಮಾರನ ಮುಖ ಕೆಂಪಾಯಿತು. ಮಾಸ್ತರರು ಬ್ಯಾಗು ಇಸಿದುಕೊಂಡರು. ಎಲ್ಲರೂ ಸೇರಿ ಕರುಣಾಳನ್ನು ಅವಳ ಮನೆಯೊಳಗೆ ಕರೆದುಕೊಂಡು ಹೋದರು.

ಒಳಗೆ ನೆಲ ಇರಲಿಲ್ಲ. ಕಲ್ಲುಗಳು ಗೋಡೆಗೆ ಒರಗಿ ನಿಂತಿದ್ದವು. ಇಂಗು, ಬಳ್ಳೊಳ್ಳಿ, ಮೆಣಸಿನಕಾಯಿ ಘಾಟು, ಹಸಿ ಮಣ್ಣು ಎಲ್ಲಾ ಸೇರಿ ಮೂಗು ಕಟ್ಟುತ್ತಿತ್ತು.

"ನೋಡವಾ, ಹಿಡದೀವಿ!" ದಾನಮ್ಮ ಬಾಟಲಿಯನ್ನು ಕರುಣಾಳ ಮುಖದ ಮುಂದೆ ಹಿಡಿದಳು. "ಇನ್ನ ಅಂಜಬ್ಯಾಡ."

ಕರುಣಾ ಅಂಜಲಿಲ್ಲ. ಬಾಟಲಿ ಕೈಗೆ ತೆಗೆದುಕೊಂಡಳು. ಹಾವು ಗಾಜಿನ ತಳದಲ್ಲಿ ಸುತ್ತು ಹಾಕುತ್ತಾ ಎಲ್ಲಿಯಾದರೂ ಸಂದಿ ಇದೆಯೇ ಅಂತ ಹುಡುಕುತ್ತಿತ್ತು. ಅವಳು ಭಾಳ ಹೊತ್ತು ಅದನ್ನೇ ನೋಡಿದಳು. ಮುಚ್ಚಳ ತುಸು ಸಡಿಲ ಮಾಡಿದಳು. "ಉಸಿರಾಡಲಿ" ಅಂದಳು.

ಆಮೇಲೆ ಮಗುವನ್ನು ಅಣ್ಣನ ಕೈಗೆ ಕೊಟ್ಟು, ಬಾಟಲಿ ಹಿಡಿದುಕೊಂಡೇ ಗಂಡನಿಗೆ ಕಣ್ಣಲ್ಲೇ ಅಡಿಗೆಮನೆ ತೋರಿಸಿದಳು. ನಡುಮನೆಯಲ್ಲಿ ಜಗಳ ಶುರುವಾಗಿತ್ತು: ಹಾವು ಹೊರಗೆ ಬಂದದ್ದು ದಾನಮ್ಮನ ಇಂಗಿಗೋ, ಹಾಜಿಮಲಂಗನ ಹಾರಿಗೋ, ರಾಯರ ಕಿವಿಗೋ ಅಂತ. ಆ ಗದ್ದಲದಲ್ಲಿ ಗಂಡಹೆಂಡಿರು ಪರದೆಯ ಹಿಂದೆ ನಿಂತರು. ಇಷ್ಟು ದಿನದ ಮೇಲೆ ಅವಳ ಮೈಯ ವಾಸನೆ ರತ್ನದೀಪನಿಗೆ ಹತ್ತಿರದಿಂದ ಬಂತು.

"ರೀ, ಒಂದು ಮಾತು ಹೇಳ್ತೀನಿ, ನಡಸ್ತೀರಾ?"

"ಹೇಳು ಕರುಣಾ. ಏನ್ ಬೇಕಾದ್ರೂ."

"ಹೊರಗ ಇರೂ ಮಂದಿಗೆ, ಈಗ ಎಲ್ಲಾರೂ ನಿಮ್ಮ ನಿಮ್ಮ ಮನಿಗೆ ಹೋಗ್ರಿ ಅಂತ ಅನ್ರಿ. ನಾ ಬ್ಯಾಗ್ ಬಿಚ್ತೀನಿ."

"ಇಷ್ಟೇ ಏನು?"

"ಇಷ್ಟೇ."

ರತ್ನದೀಪ ಪರದೆ ಸರಿಸಿದ. ಬಾಯಿಯೊಳಗೆ ಮಾತು ಸಿದ್ಧವಾಗಿತ್ತು. ಎದುರಿಗೆ ದಾನಮ್ಮ ಮೊಣಕೈಮಟ ಮಣ್ಣಾಗಿ ಕೂತಿದ್ದಳು. ಸೆರಗಿನಿಂದ ಬೆವರು ಒರೆಸಿಕೊಂಡು ಇವನ ಕಡೆ ನೋಡಿ ನಕ್ಕಳು. ಹಾಜಿಮಲಂಗ್ ಕಪ್ಪಾದ ಹೆಬ್ಬೆರಳಿಗೆ ಅರಿವೆ ಸುತ್ತಿಕೊಳ್ಳುತ್ತಿದ್ದ. ಆ ವಯಸ್ಸಿನಲ್ಲಿ ಬಸವಂತರಾಯರ ಸೊಂಟ ಹಿಡಿದುಕೊಂಡಿತ್ತು, ಮಾಸ್ತರರು ತಿಕ್ಕುತ್ತಿದ್ದರು. ಒಂದು ದಿನದ ರಜೆ ತನಗಾಗಿ ಹಾಳು ಮಾಡಿಕೊಂಡ ಮಂದಿ. ಹೋಗಿ ಅಂದರೆ ಏನಂದುಕೊಂಡಾರು?

"ಏನಪ್ಪಾ ತಮ್ಮಾ?" ಅಂದಳು ದಾನಮ್ಮ.

"ಏನಿಲ್ರಿ" ಅಂದ ರತ್ನದೀಪ. "ಚಾ ಮಾಡ್ತೀನಿ. ಕುಂದ್ರಿ."

ಪರದೆ ಬಿಟ್ಟು ತಿರುಗಿದ. ಕರುಣಾ ಸಿಟ್ಟು ಮಾಡಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು.

"ಚಾ ಕುಡದು ತಾವೇ ಹೋಗ್ತಾರ ಬಿಡು" ಅಂದ. "ಹಾವಂತೂ ಸಿಕ್ತಲ್ಲ. ಇನ್ನ ನಿನಗ ಎದರ ಅಂಜಿಕಿ?"

"ಹಾವಿಗೆ ನಾ ಯಾಕ ಅಂಜಲಿ?" ಕರುಣಾಳ ದನಿ ಸಣ್ಣಗಿತ್ತು. "ನಮ್ಮಪ್ಪನ ಹೊಲದಾಗ ಹೆಂಟಿ ಎತ್ತಿದ್ರ ಇಂಥವು ಬರ್ತಿದ್ವು. ಕೈಯಾಗ ಹಿಡಕೊಂಡು ಆಡೀನಿ."

"ಮತ್ತ ಹಾವು ಅದ ಅಂತ ಮನಿ ಬಿಟ್ಟು ಹೋದಿ?"

"ಮಂದಿ ಅದಾರ ಅಂತ ಮನಿ ಬಿಟ್ಟು ಹೋಗ್ತೀನಿ ಅಂದಿದ್ರ ಯಾರು ಒಪ್ತಿದ್ರು? ನೀವು ಒಪ್ತಿದ್ರೇನು? ನಾ ತಲಿ ಬಾಚ್ಕೊಂಡ್ರ ಒಬ್ಬರು ಬರ್ತಾರ, ಅತ್ತರ ಇನ್ನೊಬ್ಬರು. ಕೂಸಿಗೆ ಹಾಲು ಕುಡಸೂಕೂ ಬಾಗಲಾ ಹಾಕಲಿಕ್ಕೆ ಆಗಲಿಲ್ಲ ನನಗ. ಎಷ್ಟ್ ಸಲ ಹೇಳಿದೆ ನಿಮಗ? ಇರ್ಲಿ ಬಿಡು, ಒಳ್ಳೆ ಮಂದಿ ಅಂದ್ರಿ. ಒಳ್ಳೆ ಮಂದೀನೇ, ನಾ ಇಲ್ಲಂದೆನಾ?" ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಈ ಮನ್ಯಾಗ ಸಪ್ಪಳ ಆದ ಕೂಡ್ಲೆ ತನ್ನಷ್ಟಕ್ಕ ತಾನೇ ಒಳಗ ಹೋಗ್ತಿದ್ದದ್ದು ಇದು ಒಂದೇ ನೋಡ್ರಿ. ಅದನ್ನೂ ಹಿಡಕೊಟ್ರಿ."

"ಕರುಣಾ" ಅಂದ ರತ್ನದೀಪ. ಎರಡನೆಯ ಸಲವೂ ಅದನ್ನೇ ಅಂದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದಳು. ಮಗುವನ್ನು ಅಣ್ಣನಿಂದ ತೆಗೆದುಕೊಂಡಳು. "ನಡಿ ಅಣ್ಣಾ" ಅಂದಳು. ಸುರೇಶಕುಮಾರ ಹೊಂಡವಾಗಿದ್ದ ನಡುಮನೆಯನ್ನೊಮ್ಮೆ, ರತ್ನದೀಪನನ್ನೊಮ್ಮೆ ನೋಡಿ, ಏನೂ ಕೇಳದೆ ಮಾಸ್ತರರ ಕೈಯಿಂದ ಬ್ಯಾಗು ಇಸಿದುಕೊಂಡ. ಲುಂಬಿನಿ ಎಚ್ಚರಗೊಂಡು ಅಪ್ಪನ ಕಡೆ ಕಣ್ಣರಳಿಸಿದಳು. ಯಾರೋ ದೂರದ ಬಳಗದವರನ್ನು ನೋಡಿದಂತೆ ನೋ‌ಡಿ ಮತ್ತೆ ತಾಯಿಯ ಹೆಗಲಿಗೆ ತಲೆ ಇಟ್ಟಳು. ಅಟೋ ಇನ್ನೂ ಅಲ್ಲೇ ನಿಂತಿತ್ತು. ಹತ್ತಿ ಕೂತರು. ಬಾಟಲಿ ಕರುಣಾಳ ತೊಡೆಯ ಮೇಲಿತ್ತು. ಬಿಳಿ ಧೂಳು ಎದ್ದು ದಾರಿ ಮುಚ್ಚಿತು.

ಮಂದಿಯೆಲ್ಲ ಕಟ್ಟೆಯ ಮೇಲೆ ಬಾಯಿ ತೆರೆದು ನಿಂತಿದ್ದರು.

"ಏನಾತು?" ಅಂದರು ಮಾಸ್ತರರು. "ಹಾವು ಅಂದ್ರ ಅಂಜತಾಳ ಅಂದ್ರಿ, ಹಾವಿನ್ನ ತಗೊಂಡೇ ಹೋದಳಲ್ಲ?"

"ಏನಂದಳು ಅಕಿ? ಹೇಳಪ್ಪಾ" ದಾನಮ್ಮ ರತ್ನದೀಪನ ಭುಜ ಹಿಡಿದು ಅಲುಗಿಸಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಮ್ಮ ಕಡಿಂದ ಏನಾರ ತಪ್ಪಾತೇನು?"

ರತ್ನದೀಪ ಒಬ್ಬೊಬ್ಬರ ಮುಖ ನೋಡಿದ. ಹೌದು, ತಪ್ಪು ನಿಮ್ಮದೇ ಅನ್ನಬೇಕು. ನಿಮ್ಮದಲ್ಲ, ನನ್ನದು ಅನ್ನಬೇಕು. ಎರಡರಲ್ಲಿ ಯಾವುದನ್ನು ಅಂದರೂ ಇವತ್ತಿಗೆ ಬಾಗಿಲು ಹಾಕಿಕೊಂಡು ಒಬ್ಬನೇ ಅಳಬಹುದಿತ್ತು. ಆದರೆ ಆ ಮುದುಕಿಯ ಕಣ್ಣೀರು ನೋಡಲಾಗಲಿಲ್ಲ.

"ಛೇ ಛೇ, ನಿಮ್ಮದೇನ್ ತಪ್ಪು ಅದ ರೀ ದಾನಮ್ಮಾಯಿ" ಅಂದ. "ಅಕಿ ನೋಡಿದ ಹಾವು… ಇದಲ್ಲಂತ. ಅದು ಬ್ಯಾರೆ ಇತ್ತಂತ."

ಕಟ್ಟೆಯ ಮೇಲಿದ್ದ ಎಲ್ಲರಿಗೂ ಒಮ್ಮೆಲೇ ಉಸಿರು ಬಂತು.

"ನಾ ಹೇಳಲಿಲ್ಲೇನು, ಒಂದು ಇದ್ರ ಹತ್ತು ಇರ್ತಾವ ಅಂತ!" ಅಂದಳು ದಾನಮ್ಮ.

"ಅಡಿಗಿಮನಿ ಎಬ್ಬಸೂದು ಉಳದದ" ಅಂದರು ಬಸವಂತರಾಯರು, ಸೊಂಟದ ನೋವು ಮರೆತು.

ಹಾಜಿಮಲಂಗ್ ಹೆಬ್ಬೆರಳಿನ ಅರಿವೆ ಬಿಗಿದುಕೊಂಡು, ಹಾರಿ ಎತ್ತಿ ಒಳಗೆ ನಡೆದ. ಮಾಸ್ತರರು ಮೊಬೈಲಿನ ಬೆಳಕು ಹಚ್ಚಿಕೊಂಡು ಅವನ ಹಿಂದೆ ಹೋದರು. ದಾನಮ್ಮ ರತ್ನದೀಪನ ಕೈಯನ್ನು ತನ್ನ ಎರಡೂ ಮಣ್ಣುಗೈಗಳಲ್ಲಿ ಹಿಡಿದುಕೊಂಡಳು.

"ನೀ ಏನೂ ಚಿಂತಿ ಮಾಡಬ್ಯಾಡ ನನ್ನಪ್ಪಾ" ಅಂದಳು. "ಅಕಿ ನೋಡಿದ್ದು ಸಿಗೂ ತನಾ ನಾವ್ಯಾರೂ ಈ ಮನಿ ಬಿಟ್ಟು ಹೋಗಂಗಿಲ್ಲ."